ನಿಂಬೆವ್ವನ ಹೆಸರಿಲ್ಲದ ಮಾತು

ಮೂರನೆಯ ಸಲವೂ ಅದೇ ಮಾತು ಬಂದಿದೆ ಎಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂದಾಗ ಬನಪ್ಪ ಗುಳೇದಗುಡ್ಡದ ಸಂತೆ ಮೈದಾನದಲ್ಲಿ ಲಾರಿಗೆ ಈರುಳ್ಳಿ ಚೀಲ ಏರಿಸುತ್ತಿದ್ದ. ಬೆನ್ನ ಮೇಲಿದ್ದ ಚೀಲವನ್ನು ಅಲ್ಲೇ ಕೆಡವಿದ. ಹಮಾಲರ ಮುಕಾದಮ ಕೂಗಿದ್ದು ಕೇಳಿಸಿತು, ತಿರುಗಲಿಲ್ಲ. ಬಾಗಲಕೋಟೆಯ ಬಸ್ಸು ಹಿಡಿದು ಬಾಗಿಲಲ್ಲೇ ನಿಂತ. ಕೂತರೆ ಬಸ್ಸು ಇನ್ನೂ ನಿಧಾನವಾಗುತ್ತದೆ ಎನ್ನಿಸುವಷ್ಟು ಅವನ ಮೈ ಉರಿಯುತ್ತಿತ್ತು.

ಮೂರು ಬೇರೆ ಬೇರೆ ದಿನ ರೋಗಿ ಒಂದೇ ಮಾತು ಆಡಿದರೆ ಅದು ಅವರ ಖಚಿತ ಇಚ್ಛೆ, ಅದನ್ನು ನಡೆಸಿಕೊಡಬೇಕು ಅಂತ ಕಾನೂನು. ಬನಪ್ಪನ ಹೆಂಡತಿ ನಿಂಬೆವ್ವ ತನ್ನ ಉಸಿರಾಟದ ಯಂತ್ರ ತೆಗೆಯಿರಿ ಅಂತ ಕೇಳುತ್ತಿದ್ದಾಳೆ ಅಂತ ಆಸ್ಪತ್ರೆಯವರು ಓದಿದ್ದರು. ಇವತ್ತು ನಾಲ್ಕು ಗಂಟೆಗೆ ಸಮಿತಿ ಕೂತು ಸಹಿ ಹಾಕಿದರೆ ಮುಗಿಯಿತು.

ಏಳು ತಿಂಗಳ ಹಿಂದೆ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಿದ್ದವಳು ಹಾಗೇ ಮುಂದಕ್ಕೆ ವಾಲಿದ್ದಳು. ಮಿದುಳಿನ ಎಡಭಾಗದಲ್ಲಿ ರಕ್ತನಾಳ ಒಡೆದಿತ್ತು. ಕೈಕಾಲು ಹೋದವು, ನಾಲಿಗೆ ಹೋಯಿತು, ಕಣ್ಣು ಬರೀ ಸೂರು ನೋಡತೊಡಗಿತು. ಕಿವಿ ಮಾತ್ರ ಉಳಿಯಿತು. ಇಂಥವರಿಗೆಂದೇ ಆ ವರ್ಷ ನುಡಿಪಟ್ಟಿ ಬಂದಿತ್ತು. ಹಣೆಯ ಸುತ್ತ ಕಟ್ಟುವ ಎರಡು ಬೆರಳಗಲದ ಪಟ್ಟಿ. ಮಿದುಳಿನಲ್ಲಿ ಏಳುವ ಸಣ್ಣ ಮಿಂಚುಗಳನ್ನು ಹಿಡಿದು, ಮಾತಾಗಿ ಜೋಡಿಸಿ, ತಲೆದೆಸೆಯ ಯಂತ್ರದಿಂದ ಚೀಟಿಯಲ್ಲಿ ಅಚ್ಚು ಹಾಕುತ್ತದೆ. ಆದರೆ ನಿಂಬೆವ್ವನಂಥವರಲ್ಲಿ ಒಂದು ತೊಡಕಿತ್ತು. ಹೆಸರುಗಳಿರುವ ಉಗ್ರಾಣವೇ ಸುಟ್ಟುಹೋಗಿತ್ತು. ವಸ್ತು ಹೇಗಿದೆ, ಏನು ಮಾಡುತ್ತದೆ, ಎಷ್ಟಿದೆ, ಇವೆಲ್ಲ ಬರುತ್ತಿದ್ದವು. ಅದರ ಹೆಸರು ಬರುತ್ತಿರಲಿಲ್ಲ. ಗಾಳಿ ಬೇಕಾದರೆ ‘ಮುಚ್ಚಿದರೆ ಬಾರದು, ತೆರೆದರೆ ಬರುವುದು, ಬಂದರೂ ಕಾಣದು’ ಅಂತ ಅಚ್ಚಾಗುತ್ತಿತ್ತು. ಕಿಟಕಿ ತೆರೆದರೆ ಆ ಮಾತು ನಿಲ್ಲುತ್ತಿತ್ತು. ಬಯಸಿದ್ದು ಸಿಗುವವರೆಗೆ ಯಂತ್ರ ಅದನ್ನೇ ಮತ್ತೆ ಮತ್ತೆ ಹೇಳುತ್ತಿತ್ತು.

ಅಂದರೆ ಅವಳ ಪ್ರತಿ ಮಾತೂ ಒಗಟು. ಬಿಡಿಸಲು ಆಸ್ಪತ್ರೆ ಓದುಗರನ್ನು ಇಟ್ಟಿತ್ತು. ಎರಡೆರಡು ಪದವಿ ಆದವರು, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಅಕ್ಷರ ಮೂಡುವ ಗಾಜಿನ ಫಲಕ. ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಉತ್ತರ ಬರೆದು ಮುಂದಿನ ಹಾಸಿಗೆಗೆ. ಬನಪ್ಪ ಆರನೆಯ ತರಗತಿಗೇ ಶಾಲೆ ಬಿಟ್ಟು ಮಗ್ಗಕ್ಕೆ ಇಳಿದವನು. ಓದುವಾಗ ಪ್ರತಿ ಅಕ್ಷರದ ಕೆಳಗೆ ಬೆರಳು ಇಡಬೇಕು, ತುಟಿ ಅಲ್ಲಾಡಬೇಕು. ವಾರ್ಡಿನ ನರ್ಸುಗಳು ಅದನ್ನು ನೋಡಿ ಮುಖ ಆಚೆ ತಿರುಗಿಸಿ ನಗುತ್ತಿದ್ದರು. ನಗಲಿ. ಎರಡು ತಿಂಗಳ ಹಿಂದೆ ‘ಇರುವುದು ಎರಡು. ಒಂದು ಕಳೆದರೆ ಇನ್ನೊಂದೂ ಕೆಲಸಕ್ಕೆ ಬಾರದು. ಒಂದು ಕಳೆದಿದೆ’ ಅಂತ ಬಂದಾಗ ಓದುಗ ಶ್ರೀವತ್ಸ ‘ಕಣ್ಣು’ ಎಂದು ಬರೆದು, ಕಣ್ಣಿನ ಡಾಕ್ಟರು ಬಂದು ಬ್ಯಾಟರಿ ಬಿಟ್ಟು ನೋಡಿ ಹೋಗಿದ್ದರು. ಮಾತು ನಿಲ್ಲಲಿಲ್ಲ.

“ಒಂದು ಕಣ್ಣು ಹೋದ್ರ ಇನ್ನೊಂದು ಕೆಲಸಕ್ಕ ಬರತೈತಲ್ರಿ,” ಎಂದು ಬನಪ್ಪ ಹಾಸಿಗೆ ಜಾಡಿಸಿದ್ದ. ದಿಂಬಿನ ಸಂದಿಯಲ್ಲಿ ಒಂದು ಬೆಂಡೋಲೆ ಸಿಕ್ಕಿತ್ತು. ಕಿವಿಗೆ ಇಟ್ಟ ಕೂಡಲೇ ಯಂತ್ರ ಸುಮ್ಮನಾಗಿತ್ತು.

ಅವನು ವಾರಕ್ಕೆ ಎರಡು ಸಲ ಬರುತ್ತಿದ್ದ. ಮಂಚದ ಪಕ್ಕ ಕೂತು ಊರಿನ ಸುದ್ದಿ ಹೇಳುತ್ತಿದ್ದ. ಎದ್ದು ಹೊರಡುವ ಮುಂಚೆ ಪ್ರತಿ ಸಲ ಒಂದೇ ಮಾತು: “ಚಿಂತಿ ಮಾಡಬ್ಯಾಡ. ನಿನ್ನ ಮಗ್ಗ ಹಂಗೇ ಐತಿ. ನೀ ಎಲ್ಲಿಗೆ ಬಿಟ್ಟಿದ್ದೀ ಅಲ್ಲಿಗೇ ನಿಂತೈತಿ. ಯಾರನೂ ಮುಟ್ಟಗೊಟ್ಟಿಲ್ಲ.” ಆ ಮಾತು ಅವಳಿಗೆ ಧೈರ್ಯ ಅಂತ ತಿಳಿದಿದ್ದ. ಮಗ್ಗದ ಮೇಲೆ ಅರ್ಧ ನೇಯ್ದ ಕುಪ್ಪಸದ ಖಣ ಹಾಗೇ ಇತ್ತು, ಮೇಲೆ ಒಗೆದ ಚಾದರ. ಅವನೂ ಅದರಲ್ಲಿ ಕೂತಿರಲಿಲ್ಲ. ಆ ಕುಣಿಯಲ್ಲಿ ಕಾಲು ಇಳಿಬಿಡುವುದಕ್ಕಿಂತ ಈರುಳ್ಳಿ ಹೊರುವುದು ಹಗುರ ಅನ್ನಿಸುತ್ತಿತ್ತು.

ವಾರ್ಡಿನ ಹೊರಗಿನ ಕೋಣೆಯಲ್ಲಿ ಅವನಿಗಾಗಿ ಮೂವರು ಕಾಯುತ್ತಿದ್ದರು. ಮೇಲ್ವಿಚಾರಕಿ ಡಾಕ್ಟರ್ ಉಜ್ವಲಾ ದೇಸಾಯಿ, ಮೈಸೂರು ಕಡೆಯ ಶ್ರೀವತ್ಸ, ಮತ್ತು ನಿಂಬೆವ್ವನ ತಾಯಿ ಕಾಶವ್ವ. ಅತ್ತೆಯ ಕಣ್ಣು ಆಗಲೇ ಅತ್ತು ಕೆಂಪಾಗಿತ್ತು.

ಶ್ರೀವತ್ಸ ಫಲಕ ಮುಂದೆ ಹಿಡಿದ. “ನೋಡಿ ಬನಪ್ಪ, ನಾನೇ ಓದ್ತೀನಿ. ‘ಅರ್ಧಕ್ಕೆ ನಿಂತದ್ದು ಸಾಕಾಯಿತು. ಕತ್ತರಿಸು. ಸ್ವಲ್ಪ ಉಳಿಸು. ಸುಟ್ಟ ಮೇಲೆ ಉಳಿದದ್ದನ್ನು ಹಚ್ಚಿಕೋ. ಹಳೆಯದಕ್ಕೆ ಹೊಸದು ಸೇರಲಿ.’ ಇದರಲ್ಲಿ ಅನುಮಾನಕ್ಕೆ ಜಾಗ ಎಲ್ಲಿದೆ ಹೇಳಿ? ಅರ್ಧಕ್ಕೆ ನಿಂತದ್ದು ಅಂದ್ರೆ ಅವರ ಬದುಕು. ಕತ್ತರಿಸಿ ಅಂತಿದ್ದಾರೆ. ನೆನಪು ಸ್ವಲ್ಪ ಇಟ್ಕೊಳ್ಳಿ, ಚಿತೆಯ ಬೂದಿ ಹಚ್ಕೊಳ್ಳಿ, ಆಮೇಲೆ ನೀವು...” ಅವನು ತಡವರಿಸಿದ.

“ನೀ ಇನ್ನೊಂದು ಮದುವಿ ಆಗಂತಾಳಪಾ ನನ್ನ ಮಗಳು,” ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಹೋಗೂ ಮುಂದನೂ ನಿನ್ನ ಚಿಂತೀನ ಅಕೀಗೆ. ಬಿಟ್ಟುಬಿಡೋ ಯಪ್ಪಾ. ಆ ಕೊಳವಿ ಗಂಟಲಾಗ ಇಟ್ಟಗೊಂಡು ಎಷ್ಟು ದಿನ ನರಳಬೇಕು?”

ಬನಪ್ಪ ಫಲಕದ ಕಡೆ ನೋಡಿದ. ಅವನಿಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೆತ್ತವಳು, ನರಳುವುದನ್ನು ನೋಡಿ ಸೋತಿದ್ದಳು. ಆ ಹೊಳೆಯುವ ಫಲಕದ ಮೇಲೆ ಬಂತು ಸಿಟ್ಟು.

“ಇದು ಆಕಿ ಆಡಿದ ಮಾತೋ, ನೀವು ಬರದದ್ದೋ?”

“ಅವರದ್ದೇ. ಸ್ವಲ್ಪ ಸ್ವಚ್ಛ ಮಾಡಿದೀವಿ. ಯಂತ್ರ ಒಂದೊಂದ್ಸಲ ಕಸ ಉಗುಳುತ್ತೆ. ಹೇಳಿದ್ದನ್ನೇ ಹೇಳೋದು, ಸಂಬಂಧ ಇಲ್ಲದ ಅಂಕಿ...”

“ಕಸ ಎಲ್ಲೈತಿ? ನನಗ ಕಸಾನೂ ಬೇಕು.”

“ಬನಪ್ಪ, ದಯವಿಟ್ಟು...”

“ಆಕಿ ನನ್ನ ಹೇಣ್ತಿ ಅದಾಳ್ರೀ! ಆಕಿ ಬಾಯಿಂದ ಬಿದ್ದ ಕಸಾನ ಗುಡಸಾಕ ನೀವು ಯಾರು?” ಅವನ ದನಿಗೆ ವಾರ್ಡಿನ ಬಾಗಿಲಲ್ಲಿದ್ದ ನರ್ಸು ಇಣುಕಿ ನೋಡಿದಳು. ಡಾಕ್ಟರ್ ದೇಸಾಯಿ ಕಪಾಟಿನಿಂದ ಮೂಲ ಚೀಟಿ ತೆಗೆದು ಅವನ ಕೈಗಿತ್ತರು.

ಅವನು ಮೊಗಸಾಲೆಯ ಬೆಂಚಿನ ತುದಿಗೆ ಕೂತ. ಬೆರಳು ಇಟ್ಟ.

‘ಅರ್ಧಕ್ಕೆ ನಿಂತದ್ದು ಹಾಗೇ ಇದೆ ಹಾಗೇ ಇದೆ ಕೇಳಿ ಕೇಳಿ ಸಾಕಾಯಿತು. ಕತ್ತರಿಸು. ಪೂರ್ತಿ ಕೀಳಬೇಡ, ಸ್ವಲ್ಪ ಉಳಿಸು. ಸುಟ್ಟ ಮೇಲೆ ಉಳಿದದ್ದನ್ನು ಹಚ್ಚಿಕೋ. ಹಳೆಯದಕ್ಕೆ ಹೊಸದು ಸೇರಲಿ ಒಂದಕ್ಕೆ ಒಂದು ಒಂದಕ್ಕೆ ಒಂದು ಎರಡು ಸಾವಿರದ ನಾನೂರು. ಹಳೆಯದರ ಹಿಂದೆ ಹೊಸದು ಹಾದು ಹೋಗುತ್ತದೆ.’

ಮೊದಲ ಸಲ ಓದಿದಾಗ ಅವನಿಗೂ ಸಾವೇ ಕಂಡಿತು. ಎರಡನೆಯ ಸಲ ಓದಿದಾಗ ಬೆರಳು ‘ಸುಟ್ಟ’ದ ಕೆಳಗೆ ನಿಂತಿತು. ಸುಟ್ಟ ಮೇಲೆ ಉಳಿದದ್ದು ಬೂದಿ, ಸರಿ. ಆದರೆ ಚಿತೆ ಎಲ್ಲಿಂದ ಬಂತು? ಬನಪ್ಪನ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ನಿಂಬೆವ್ವ ತನ್ನ ಸಾವಿನ ಮಾತೇ ಆಡಿದ್ದರೆ ಅಲ್ಲಿ ಮಣ್ಣಿರಬೇಕಿತ್ತು, ಬೆಂಕಿಯಲ್ಲ. ಚಿತೆ ಶ್ರೀವತ್ಸನ ತಲೆಯೊಳಗಿನದು.

ಹಾಗಾದರೆ ಈ ಬೂದಿ ಯಾವುದು? ಸಾಯದೇ ಇರುವಾಗ ಬೂದಿ ಹಚ್ಚಿಕೊಳ್ಳುವುದು ಯಾವಾಗ?

ಅದನ್ನು ಅಲ್ಲಿಗೆ ಬಿಟ್ಟು ಹಿಂದಕ್ಕೆ ಹೋದ. ‘ಕೇಳಿ ಕೇಳಿ ಸಾಕಾಯಿತು.’ ಶ್ರೀವತ್ಸನ ಫಲಕದಲ್ಲಿ ಈ ‘ಕೇಳಿ’ ಇರಲಿಲ್ಲ. ಬದುಕು ಸಾಕಾದವರು ಇದ್ದು ಇದ್ದು ಸಾಕಾಯಿತು ಅನ್ನುತ್ತಾರೆ, ನರಳಿ ಸಾಕಾಯಿತು ಅನ್ನುತ್ತಾರೆ. ಇವಳಿಗೆ ಯಾವುದನ್ನೋ ಕೇಳಿ ಸಾಕಾಗಿದೆ. ಅಂದರೆ ಯಾರೋ ಹೇಳುತ್ತಿದ್ದಾರೆ. ಹಾಗೇ ಇದೆ, ಹಾಗೇ ಇದೆ ಅಂತ ಮತ್ತೆ ಮತ್ತೆ ಬಂದು ಹೇಳುತ್ತಿದ್ದಾರೆ.

ಬನಪ್ಪ ಚೀಟಿಯಿಂದ ಬೆರಳು ಎತ್ತಿದ. ಹೇಳುತ್ತಿದ್ದವನು ಅವನೇ.

ಆಮೇಲೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಂಡಿತು. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು. ಒಂದು ಹಾಸು ಮುಗಿಯಿತೆಂದು ನೇಕಾರ ಅದನ್ನು ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯಿಂದ ಪೂರ್ತಿ ಕಿತ್ತು ಬಿಸಾಡುವುದಿಲ್ಲ. ಕತ್ತರಿಸಿ, ಗೇಣುದ್ದ ತುದಿ ಬಿಡುತ್ತಾನೆ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಹಳೆಯ ತುದಿಗೆ ಹೊಸ ಎಳೆ ಇಟ್ಟು, ಹೊಸೆದು ಕೂಡಿಸುತ್ತಾನೆ. ಒಂದಕ್ಕೆ ಒಂದು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಆಮೇಲೆ ಹಳೆಯದನ್ನು ಮೆಲ್ಲಗೆ ಎಳೆದರೆ ಅದರ ಹಿಂದೆಯೇ ಹೊಸದು ಹಣಿಗೆಯ ಸಂದಿಗಳನ್ನು ಹಾದು ಬರುತ್ತದೆ. ಅವರ ಮನೆಯ ಹಣಿಗೆಯಲ್ಲಿ ಎಷ್ಟು ಎಳೆ? ಎರಡು ಸಾವಿರದ ನಾನೂರು. ಕಸ ಅಂತ ಗುಡಿಸಿ ಹಾಕಿದ್ದ ಅಂಕಿ!

ಅವಳು ಸಾವು ಕೇಳುತ್ತಿರಲಿಲ್ಲ. ಮಗ್ಗ ಹೂಡು ಅನ್ನುತ್ತಿದ್ದಳು. ಎಲ್ಲ ಅರ್ಥವಾದ ಮೇಲೆ ಅವನಿಗೆ ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ. ಅವಳ ಕೈ ಕೊನೆಗೆ ಮುಟ್ಟಿದ್ದನ್ನು ಕತ್ತರಿಸು ಅಂತ ಅವಳೇ ಹೇಳಬೇಕಾಗಿ ಬಂತಲ್ಲ.

ನಾಲ್ಕು ಗಂಟೆಗೆ ಸಮಿತಿಯ ಮುಂದೆ ಅವನು ನಿಂತೇ ಮಾತಾಡಿದ. ಹೂಳುವ ಮಾತು, ಕೇಳುವ ಮಾತು, ಬೂದಿ, ಅಂಕಿ ಎಲ್ಲವನ್ನೂ ಹೇಳಿದ. ಶ್ರೀವತ್ಸ ಕೇಳಿಸಿಕೊಂಡ. ಪಾಪ, ಕೆಟ್ಟವನಲ್ಲ, ಅವನ ಮುಖ ಇಳಿದಿತ್ತು. ಆದರೂ ಒಪ್ಪದೆ ತಲೆಯಾಡಿಸಿದ.

“ಚೆನ್ನಾಗಿ ಹೊಂದುತ್ತೆ ಬನಪ್ಪ. ಆದ್ರೆ ನಮ್ಮದೂ ಹೊಂದಿತ್ತು. ಹೌದು ಅಂತ ಅವರ ಕೈಲಿ ಹೇಳ್ಸೋಕಾಗಲ್ಲ. ಪ್ರಶ್ನೆ ಕೇಳಿದ್ರೆ ಪಟ್ಟಿ ಉತ್ತರ ಹಿಡಿಯೋದಿಲ್ಲ, ಬಯಕೆ ಮಾತ್ರ ಹಿಡಿಯುತ್ತೆ.”

“ಹಂಗಾರ ಬಯಸಿದ್ದನ್ನ ಮಾಡೂಣು. ಮಾತು ನಿಂತ್ರ ನಂದು ಖರೆ. ನಿಲ್ಲಲಿಲ್ಲಂದ್ರ ನಿಮ್ಮದು.”

ಡಾಕ್ಟರ್ ದೇಸಾಯಿ ಕನ್ನಡಕ ತೆಗೆದರು. “ನಿಮ್ಮ ಓದು ತಪ್ಪಿದ್ದರೆ ಆ ಬಟ್ಟೇನೂ ಹೋಗುತ್ತೆ, ಬನಪ್ಪ. ಗೊತ್ತಲ್ಲ?”

“ಗೊತ್ತೈತ್ರಿ.”

“ಮೂರು ದಿನ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ.”

ಮರುದಿನ ಬಿಸಿಲೇರುವ ಹೊತ್ತಿಗೆ ಬನಪ್ಪ ಮಗ್ಗದ ಮೇಲಿನ ಚಾದರ ತೆಗೆದ. ಆಸ್ಪತ್ರೆಯಲ್ಲಿ ಕಾಶವ್ವ ಮಗಳ ಕಿವಿಗೆ ಫೋನು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಶ್ರೀವತ್ಸ ಚೀಟಿ ನೋಡಿ ಹೇಳಲು ತಯಾರಾಗಿದ್ದ. ಕೆಂಪು ಮೈಯ ಖಣ, ಸಣ್ಣ ಸಣ್ಣ ಬಿಳಿ ಹೂವಿನ ಬುಟ್ಟಾ. ಕೊನೆಯ ಸಾಲಿನಲ್ಲಿ ಮೂರು ಬುಟ್ಟಾ ಬಿದ್ದಿದ್ದವು, ನಾಲ್ಕನೆಯದು ಕಾಲುಭಾಗಕ್ಕೆ ನಿಂತಿತ್ತು. ಅದನ್ನು ಹಾಕುವಾಗಲೇ ಅವಳು ವಾಲಿದ್ದು. ಅವನು ಅದರ ಮೇಲೆ ಅಂಗೈ ಇಟ್ಟ. ಏಳು ತಿಂಗಳ ದೂಳು ಚಾದರ ಹಾದು ಬಂದು ಅಲ್ಲಿ ಕೂತಿತ್ತು.

“ಏನ್ ಮಾಡಾಕತ್ತೀಯೋ?” ಕಾಶವ್ವನ ದನಿ.

“ಏನಿಲ್ಲತ್ತಿ. ಫೋನು ಆಕಿ ಕಿವೀಗೇ ಇಡು.” ನಂತರ ಮೆಲ್ಲಗೆ, “ನಿಂಬೀ... ಕತ್ತರಸ್ತೀನಿ ನೋಡ.”

ಬಿಗಿದ ಹಾಸಿನ ಮೇಲೆ ಕತ್ತರಿ ಬಿದ್ದರೆ ಚರ್‍ರೆಂದು ಸದ್ದು ಬರುತ್ತದೆ. ಬಿಗಿ ತಪ್ಪಿದ ಎಳೆಗಳು ಮೈಮೇಲೆ ಬಂದು ಬೀಳುತ್ತವೆ. ಅಂಚಿನಿಂದ ಅಂಚಿಗೆ ಕತ್ತರಿಸಿದ. ಹಣಿಗೆಯ ಆಚೆ ಗೇಣುದ್ದ ಬಿಟ್ಟ. ಅರ್ಧ ಖಣ ಮಡಿಲಿಗೆ ಬಿತ್ತು, ಅಂಗಿಯ ತೋಳಿನಷ್ಟೂ ಭಾರವಿರಲಿಲ್ಲ.

“ಏನಾರ ಬಂತೇನ್ರಿ?”

“ಇನ್ನೂ ಇಲ್ಲ.” ಶ್ರೀವತ್ಸ. ಬನಪ್ಪ ಖಣ ಮಡಚಿ ಪಕ್ಕಕ್ಕಿಟ್ಟ. “ಬಂತು ಬಂತು, ಇರಿ.” ಕಾಗದ ಹರಿದ ಸದ್ದು. ಬನಪ್ಪ ಮಗ್ಗದ ಮರ ಹಿಡಿದುಕೊಂಡ.

“ಅದೇ ಮಾತೇನ್ರಿ?”

“ತಡೀರಿ, ನಿಧಾನಕ್ಕೆ ಓದ್ತಿದೀನಿ.” ಶ್ರೀವತ್ಸ ಒಂದೊಂದೇ ಪದ ಬಿಡಿಸಿ ಹೇಳಿದ. “ಸಾಕಾಯಿತು ಅನ್ನೋದಿಲ್ಲ. ಕತ್ತರಿಸು ಅನ್ನೋದೂ ಇಲ್ಲ. ‘ಸುಟ್ಟ ಮೇಲೆ ಉಳಿದದ್ದನ್ನು ಹಚ್ಚಿಕೋ’ ಅಂತ ಅಲ್ಲಿಂದ ಶುರುವಾಗಿದೆ. ಬನಪ್ಪಾ, ಅರ್ಧ ಹೋಗಿದೆ! ನೀವು ಮಾಡಿದಷ್ಟು ಹೋಗಿದೆ!”

ಫೋನಿನ ಆಚೆ ಕಾಶವ್ವ ಹೋ ಎಂದು ಅತ್ತಳು. ಅಳುತ್ತಲೇ ಮಗಳನ್ನು ಬೈದಳು: “ಹಾಟ್ಯಾನಾಕಿ! ನಮ್ಮ ಜೀವ ತಿಂದು ಮಗ್ಗದ ಚಿಂತಿ ಮಾಡಾಕತ್ತಾಳ ನೋಡು!”

ಬನಪ್ಪ ಒಲೆಯಿಂದ ಬೂದಿ ತಂದ. ಅಟ್ಟದ ಮೇಲೆ ಸುತ್ತಿಟ್ಟಿದ್ದ ಹಸಿರು ಹಾಸು ಇಳಿಸಿದ. ಒಂದಕ್ಕೆ ಒಂದು. ಎರಡು ಹಗಲು ಪೂರ್ತಿ ಕೂತ. ಫೋನು ಪಕ್ಕದಲ್ಲೇ ಇತ್ತು, ಒಮ್ಮೊಮ್ಮೆ ಎಣಿಸಿ ಹೇಳುತ್ತಿದ್ದ, “ಮುನ್ನೂರಾತು ನಿಂಬೀ”, “ಸಾವಿರ ಆತು.” ತೋರುಬೆರಳ ತುದಿ ಉರಿದು ಹೊಳೆಯತೊಡಗಿತು. ಮೂರನೆಯ ದಿನ ಮಧ್ಯಾಹ್ನ ಕೊನೆಯ ಎಳೆ ಕೂಡಿತು. ಹಳೆಯದನ್ನು ಮೆಲ್ಲಗೆ ಎಳೆದ. ಕೆಂಪಿನ ಹಿಂದೆ ಹಸಿರು ಹಣಿಗೆ ದಾಟಿ ಬಂತು.

ಯಂತ್ರ ಸುಮ್ಮನಾಯಿತು. ಸಮಿತಿ ಕಡತ ಮುಚ್ಚಿತು. ಡಾಕ್ಟರ್ ದೇಸಾಯಿ ಮೂಲ ಚೀಟಿಗಳನ್ನು ಇನ್ನು ಯಾರೂ ಸ್ವಚ್ಛ ಮಾಡಕೂಡದು ಎಂದು ಆಜ್ಞೆ ಹೊರಡಿಸಿದರು. ಇನ್ನೆಷ್ಟು ಹಾಸಿಗೆಗಳಲ್ಲಿ ಇನ್ನೆಷ್ಟು ಮಂದಿಯ ಕಸ ಗುಡಿಸಿ ಹೋಗಿತ್ತೋ, ಅದರ ಮಾತು ಯಾರೂ ಎತ್ತಲಿಲ್ಲ. ಕೇಳಿದವನು ಬನಪ್ಪ ಒಬ್ಬನೇ.

ಅವನು ಲಾರಿಗೆ ಚೀಲ ಹೊರುವುದು ಬಿಟ್ಟ. ಬೆಳಗಿನಿಂದ ನೇಯುವುದು, ಮೂರಕ್ಕೆ ಬಸ್ಸು ಹತ್ತುವುದು. ವಾರಕ್ಕೆ ಎರಡು ಸಲ ಬರುತ್ತಿದ್ದವನು ದಿನವೂ ಬರತೊಡಗಿದ. “ಇವತ್ತು ಒಂದು ಖಣ ಇಳಿಸಿದೆ. ಬುಟ್ಟಾ ನಿನ್ನಂಗ ಬರವೊಲ್ಲವು, ಬಡಕಲಾಗತಾವ,” ಅನ್ನುತ್ತಿದ್ದ. ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಚೀಟಿ ಬರುತ್ತಿರಲಿಲ್ಲ. ಒಂದು ದಿನ, ಮೂರು ದಿನ, ಒಂಬತ್ತು ದಿನ.

“ಒಳ್ಳೇ ಲಕ್ಷಣ ಕಣ್ರೀ,” ಎಂದ ಶ್ರೀವತ್ಸ. ಈಗೀಗ ಅವನು ಬನಪ್ಪ ಬರುವ ಹೊತ್ತಿಗೆ ಒಂದು ಕುರ್ಚಿ ಎಳೆದು ಕೂರುತ್ತಿದ್ದ. “ಮಿಂಚು ಎಲ್ಲ ಸರಿಯಾಗಿದೆ. ಸಮಾಧಾನವಾಗಿದ್ದಾರೆ. ಅವರಿಗೆ ಏನೂ ಬೇಕಾಗಿಲ್ಲ.”

“ಏನೂ ಬ್ಯಾಡಾ?”

“ಏನೂ ಬೇಡ.”

ಬನಪ್ಪ ಸೂರು ನೋಡುವ ಆ ಕಣ್ಣುಗಳನ್ನೇ ನೋಡಿದ. ಅವನು ಹೊಡೆದಾಡಿ ಉಳಿಸಿಕೊಂಡದ್ದು ಈ ಮೌನವನ್ನು. ಸಾವಿನಂತೆ ಕಂಡ ಆ ಮಾತಿನಲ್ಲಾದರೂ ಅವಳ ದನಿ ಇತ್ತು. ಕಾಗದದ ಮೇಲಿದ್ದರೂ ಅವಳದೇ ಜಬರದಸ್ತು ಇತ್ತು. ಬೈದರೂ ಸರಿ, ಏನಾದರೂ ಬೇಡು ಮಾರಾಯ್ತಿ ಅಂತ ಮನಸ್ಸಿನಲ್ಲೇ ಅಂದುಕೊಂಡ. ನೀರು ಕೇಳು, ಗಾಳಿ ಕೇಳು. ನಾನು ಬಿಡಿಸಲಾರದಂಥದ್ದೇ ಕೇಳು.

ಹತ್ತನೆಯ ದಿನ ಐದು ಗಂಟೆಗೆ ಹತ್ತು ನಿಮಿಷ ಇರುವಾಗ ಅವನು ಚೀಲ ಹೆಗಲಿಗೆ ಹಾಕಿದ. ಐದಕ್ಕೆ ಗಂಟೆ ಬಾರಿಸಿ ಹೊರಗಿನವರನ್ನೆಲ್ಲ ಕಳಿಸುತ್ತಾರೆ. ಮತ್ತೆ ಬಾಗಿಲು ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. “ಬರ್ತೀನಿ ಹಂಗಾರ,” ಎಂದು ಎದ್ದ.

ಯಂತ್ರ ಟಕಟಕ ಅಂದಿತು.

ಶ್ರೀವತ್ಸನೇ ಮೊದಲು ಹಾರಿ ಚೀಟಿ ಹಿಡಿದ. “‘ದಿನವೂ ಬರುವುದು. ಬಂದು ಹೋಗುವುದು. ಹೋಗಬಾರದು.’ ಬಿಸಿಲು! ಈ ಕಿಟಕಿಗೆ ಸಂಜೆ ಬಿಸಿಲು ಬೀಳುತ್ತೆ ನೋಡಿ!” ಓಡಿ ಹೋಗಿ ಪರದೆ ಪೂರ್ತಿ ಸರಿಸಿದ. ಇಳಿಬಿಸಿಲು ಮಂಚದ ಮೇಲೆ, ನಿಂಬೆವ್ವನ ಕೈಮೇಲೆ ಹರಿಯಿತು. ಯಂತ್ರ ಮತ್ತೆ ಅದೇ ಚೀಟಿ ಉಗುಳಿತು.

ಬನಪ್ಪ ಆ ಬಿಸಿಲಿನಲ್ಲಿ ನಿಂತೇ ಇದ್ದ. ಅವನ ಮುಖ ಹೇಗೋ ಆಗಿತ್ತು.

“ನಿಲ್ತಿಲ್ಲ. ಬಿಸಿಲಲ್ವಾ? ಹಕ್ಕಿನಾ? ಏನಿರಬಹುದು ಬನಪ್ಪ? ನಿಮಗೆ ಹೊಳೀತಾ?”

“ನೀವೇ ಬಿಡಸ್ರಿ. ಸಾವಕಾಶ ಓದ್ರಿ.”

ಗಂಟೆ ಬಾರಿಸಿದರು. ನರ್ಸು ಬಾಗಿಲಲ್ಲಿ ನಿಂತು, “ಹೊರಡ್ರಿ, ಹೊರಡ್ರಿ” ಅಂದಳು. ಬನಪ್ಪ ಹೆಂಡತಿಯ ಕೈ ಒಂದು ಸಲ ಒತ್ತಿ, ಬಿಟ್ಟು, ಬಾಗಿಲ ಕಡೆ ನಡೆದ. ಹಿಂದೆ ಯಂತ್ರ ಸದ್ದು ಮಾಡುತ್ತಲೇ ಇತ್ತು.

“ಬನಪ್ಪಾ, ಮತ್ತೆ ಅದೇ! ಮತ್ತೆ ಅದೇ ಬಂತು ಕಣ್ರೀ!” ಶ್ರೀವತ್ಸ ಮೂರು ಚೀಟಿ ಹಿಡಿದು ಕೂಗಿದ.

ಬನಪ್ಪ ಹೊಸ್ತಿಲ ಮೇಲೆ ನಿಂತ. ತಿರುಗಿದರೆ ಹೋಗಲಾಗುವುದಿಲ್ಲ ಅಂತ ಗೊತ್ತಿದ್ದರಿಂದ ತಿರುಗಲಿಲ್ಲ.

“ನಾಳೆ ಹತ್ತಕ್ಕ ಬರತೈತಂತ ಹೇಳ್ರಿ ಆಕೀಗೆ,” ಅಂದ.